ಹತ್ತಿ ದರದಿಂದ ಹುಟ್ಟಿದ ಜೂಜು

ಆದವಾನಿ ಯಾರ್ಡಿಗೆ ಹತ್ತಿ ಬರುವ ಕಾಲದಲ್ಲಿ ಎರಡು ಅಂಕಿಗಳ ಮಾತು ನಡೆಯುತ್ತದೆ. ಒಂದು ಕ್ವಿಂಟಾಲಿನ ದರ. ಇನ್ನೊಂದು, ಚಹಾದಂಗಡಿಯಲ್ಲಿ ಮೆಲ್ಲಗೆ ಕೇಳುವ ‘ಓಪನ್ ಏನು ಬಂತು?’ ಎರಡೂ ಒಂದೇ ತಾಯಿಯ ಮಕ್ಕಳೆಂದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭದ ದರ, ಮುಕ್ತಾಯದ ದರ ತಂತಿಯಲ್ಲಿ ಬೊಂಬಾಯಿಗೆ ಬರುತ್ತಿದ್ದವು. ಜನ ಅದರ ಮೇಲೆ ಪಣ ಕಟ್ಟುತ್ತಿದ್ದರು. ಕರ್ನಾಟಕದವರು ‘ಓಸಿ’ ಅನ್ನುವುದು ಆ ಓಪನ್, ಕ್ಲೋಸ್‌ನಿಂದಲೇ. 1961ರಲ್ಲಿ ದರ ಬರುವುದು ನಿಂತಿತು, ಜೂಜು ನಿಲ್ಲಲಿಲ್ಲ. ಗಡಿಗೆಯಲ್ಲಿ ಚೀಟಿ ಹಾಕಿ ಎತ್ತಿದರು, ಮಟ್ಕಾ ಆಯಿತು.

ಲೆಕ್ಕ ನೋಡಿ. ಎರಡಂಕಿಯ ಜೋಡಿಗಳು ನೂರು. ಹೊಡೆದರೆ ರೂಪಾಯಿಗೆ ಎಂಬತ್ತೋ ತೊಂಬತ್ತೋ. ನೂರಕ್ಕೂ ಕಟ್ಟಿದವನಿಗೂ ನಷ್ಟ ಖಚಿತ, ಮೋಸ ಮಾಡಬೇಕಾಗೇ ಇಲ್ಲ! ಗೋವಾದ ಮಾಂಡೋವಿ ಹೊಳೆಯ ಕ್ಯಾಸಿನೊ ಹಡಗುಗಳದ್ದೂ ಇದೇ ಲೆಕ್ಕ, ವೇಷ ಬೇರೆ. ರೂಲೆಟ್ ಚಕ್ರದಲ್ಲಿ ಸೊನ್ನೆ ಸೇರಿ 37 ಮನೆ, ಗೆದ್ದವನಿಗೆ ಒಂದಕ್ಕೆ 35. ನೋಟು ಇಸಕೊಂಡು ಬಿಲ್ಲೆ ಕೊಡ್ತಾರೆ. ಬಿಲ್ಲೆ ಕೈಬಿಟ್ಟರೆ ನೋಟಿನಷ್ಟು ಕರುಳು ಚುರ್ ಅನ್ನೋದಿಲ್ಲ. ನಮ್ಮ ಚೀಟಿಯವನಿಗೆ ಹಡಗೂ ಬೇಡ. 46 ಬರೆಸಿದವನಿಗೆ 47 ಬಂದರೆ ಸಾಕು, ‘ಒಂದರಲ್ಲಿ ತಪ್ಪಿತು’ ಅಂತ ಮರುದಿನ ಅವನೇ ಹುಡುಕಿಕೊಂಡು ಬರ್ತಾನೆ.

‘ಮಳೆಯೂ ಜೂಜೇ, ದರವೂ ಜೂಜೇ, ಇದೊಂದು ಹೆಚ್ಚೇನು?’ ಅನ್ನುವ ರೈತರುಂಟು. ನಾನು ಒಪ್ಪುವುದಿಲ್ಲ. ಬೆಳೆ ಕೆಟ್ಟರೂ ಒಲೆಗೆ ಹತ್ತಿಕಟ್ಟಿಗೆ ಉಳಿಯುತ್ತದೆ, ಹೊಲ ಉಳಿಯುತ್ತದೆ. ಚೀಟಿ ಹೊಲವನ್ನೇ ಕೇಳುತ್ತದೆ.

ಮೊಬೈಲ್ ರಮ್ಮಿಯನ್ನು ಆಂಧ್ರ 2020ರಲ್ಲೇ ನಿಷೇಧಿಸಿತು. ಕರ್ನಾಟಕದ 2021ರ ಕಾನೂನಿನ ನಿಷೇಧವನ್ನು 2022ರಲ್ಲಿ ಹೈಕೋರ್ಟು ರದ್ದುಮಾಡಿತು. ಕೌತಾಳದಲ್ಲಿ ತಪ್ಪಾದ ಆಟ ಸಿರುಗುಪ್ಪದಲ್ಲಿ ಒಪ್ಪಾಯಿತು! 2025ರ ಕೇಂದ್ರ ಕಾನೂನು ಆ ಸಂದು ಮುಚ್ಚಿದೆ. ಆದರೆ ಓಸಿಗೆ ಎರಡೂ ಕಡೆ ಹಳೆಯ ಕಾನೂನುಗಳಿದ್ದೂ, ಇಲ್ಲಿ ದಾಳಿಯಾದರೆ ಚೀಟಿ ಬರೆಯುವವನು ಅಲ್ಲಿ ಕೂರುತ್ತಾನೆ. ಕರ್ನೂಲು, ಬಳ್ಳಾರಿ, ರಾಯಚೂರು ಪೊಲೀಸರು ಒಂದೇ ದಿನ ದಾಳಿ ಮಾಡಲಿ. ಹತ್ತು ರೂಪಾಯಿ ಚೀಟಿಯ ಬಡಪಾಯಿಯನ್ನು ಬಿಟ್ಟು, ದುಡ್ಡು ಹೋಗಿ ಸೇರುವ ಮನೆಯ ಬಾಗಿಲು ತಟ್ಟಲಿ.

ದಲ್ಲಾಳಿ ಅಣ್ಣಂದಿರಿಗೂ ಒಂದು ಮಾತು. ಲೆಕ್ಕ ಚುಕ್ತಾ ಮಾಡುವಾಗ ದುಡ್ಡನ್ನು ರೈತನ ಬ್ಯಾಂಕ್ ಖಾತೆಗೇ ಹಾಕಿ. ಚೀಟಿಯವನನ್ನು ನಿಮ್ಮ ಅಂಗಡಿ ಕಟ್ಟೆಯ ಮೇಲೆ ಕೂಡ್ರಿಸಿಕೊಳ್ಳಬೇಡಿ.