ವಲಸಿಗನಿಗೂ ವಕೀಲ ಬೇಕು

2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು ಗಡೀಪಾರಾದ 104 ಭಾರತೀಯರನ್ನು ಹೊತ್ತು ಅಮೃತಸರದಲ್ಲಿ ಇಳಿಯಿತು. ಹಲವರ ಕೈಗಳಿಗೆ ಕೋಳ, ಕಾಲುಗಳಿಗೆ ಸರಪಳಿ ಹಾಕಿ ಕರೆತರಲಾಗಿತ್ತೆಂಬ ಸಂಗತಿ ಸಂಸತ್ತಿನಲ್ಲಿ ಕೋಲಾಹಲಕ್ಕೆ ಕಾರಣವಾಯಿತು. ಆ ಆಕ್ರೋಶ ಸಹಜವೇ. ಆದರೆ ಕೋಳ ಕಣ್ಣಿಗೆ ಕಾಣುತ್ತದೆ; ವಕೀಲನಿಲ್ಲದ ವಿಚಾರಣೆ ಕಾಣುವುದಿಲ್ಲ. ಗಡೀಪಾರು ವ್ಯವಸ್ಥೆಯ ದೊಡ್ಡ ಲೋಪ ಇರುವುದು ಈ ಎರಡನೆಯದರಲ್ಲಿ.

ಅನುಮತಿಯಿಲ್ಲದೆ ಪ್ರವೇಶಿಸಿದವರನ್ನು ಹಿಂದಕ್ಕೆ ಕಳುಹಿಸುವ ಅಧಿಕಾರ ಪ್ರತಿಯೊಂದು ಸಾರ್ವಭೌಮ ರಾಷ್ಟ್ರಕ್ಕೂ ಉಂಟು. ಆ ಅಧಿಕಾರವನ್ನು ಹೇಗೆ ಚಲಾಯಿಸಬೇಕು ಎಂಬುದಷ್ಟೇ ಪ್ರಶ್ನೆ. ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿ ರಕ್ಷಣೆ ನೀಡುವುದು ‘ವ್ಯಕ್ತಿ’ಗೆ, ನಾಗರಿಕನಿಗೆ ಮಾತ್ರವಲ್ಲ. 1886ರ ಯಿಕ್ ವೋ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹದಿನಾಲ್ಕನೇ ತಿದ್ದುಪಡಿಗೂ ಇದೇ ಅರ್ಥ ನೀಡಿ ಚೀನೀ ವಲಸಿಗನೊಬ್ಬನ ಪರ ನಿಂತಿತು.

ಇದರ ವ್ಯಾವಹಾರಿಕ ಅರ್ಥವನ್ನು ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ ಮಕ್ಕಳನ್ನುಳ್ಳ ಬೆಂಗಳೂರಿನ ಪೋಷಕರೂ ಅರಿತಿರುವುದು ಒಳಿತು. ವಲಸೆ ಅಧಿಕಾರಿಗಳು ಪ್ರಶ್ನಿಸಿದಾಗ ಮೌನವಾಗಿರುವ, ವಕೀಲರೊಡನೆ ಸಮಾಲೋಚಿಸುವ, ಅರ್ಥವಾಗದ ಪತ್ರಕ್ಕೆ ಸಹಿ ಹಾಕದಿರುವ ಹಕ್ಕು ವಲಸಿಗನಿಗಿದೆ. ಒಪ್ಪಿಗೆಯಿಲ್ಲದೆ ಮನೆಯೊಳಗೆ ಬರಲು ನ್ಯಾಯಾಧೀಶರ ಸಹಿಯುಳ್ಳ ವಾರಂಟ್ ಬೇಕು, ಇಲಾಖೆಯ ಅಧಿಕಾರಿಯೇ ಸಹಿ ಮಾಡಿದ ವಾರಂಟ್ ಸಾಲದು ಎಂಬುದು ನಾಲ್ಕನೇ ತಿದ್ದುಪಡಿಗೆ ದೀರ್ಘಕಾಲದಿಂದ ನೀಡುತ್ತ ಬಂದಿರುವ ಅರ್ಥ. ಆದರೆ ಹದಿನೆಂಟು ತುಂಬಿದ ವೀಸಾದಾರರು ತಮ್ಮ ನೋಂದಣಿ ದಾಖಲೆಯನ್ನು ಸದಾ ಜೊತೆಗಿಟ್ಟುಕೊಂಡಿರಬೇಕೆಂಬುದೂ ಅಲ್ಲಿನ ಕಾನೂನೇ.

ಹಕ್ಕುಗಳು ಹೀಗಿದ್ದರೂ ಅವುಗಳನ್ನು ಸಾಧಿಸಿಕೊಳ್ಳುವ ಸಾಧನ ಮಾತ್ರ ಎಲ್ಲರಿಗೂ ಇಲ್ಲ. ಕಳವಿನ ಆರೋಪ ಹೊತ್ತು ಜೈಲುವಾಸದ ಭೀತಿಯಲ್ಲಿರುವ ಬಡವನಿಗೆ ಅಮೆರಿಕದಲ್ಲಿ ಸರ್ಕಾರವೇ ವಕೀಲನನ್ನು ಒದಗಿಸುತ್ತದೆ. ಗಡೀಪಾರು ವಿಚಾರಣೆ ‘ಸಿವಿಲ್’ ಸ್ವರೂಪದ್ದೆಂಬ ಕಾರಣಕ್ಕೆ ವಲಸಿಗನಿಗೆ ಆ ಸೌಲಭ್ಯವಿಲ್ಲ. ವಕೀಲನನ್ನು ಇಟ್ಟುಕೊಳ್ಳಬಹುದು, ಆದರೆ ಸರ್ಕಾರದ ವೆಚ್ಚದಲ್ಲಲ್ಲ ಎನ್ನುತ್ತದೆ ಕಾನೂನು. ಎದುರು ಪಕ್ಷದಲ್ಲಿ ಸರ್ಕಾರಿ ವಕೀಲನಿರುತ್ತಾನೆ; ಇತ್ತ ಭಾಷೆ ಬಾರದವನೊಬ್ಬ ಒಂಟಿಯಾಗಿ ನಿಂತಿರುತ್ತಾನೆ. ಶುಲ್ಕ ತೆರಬಲ್ಲವನಿಗಷ್ಟೇ ದಕ್ಕುವ ಹಕ್ಕು ಹಕ್ಕೆನಿಸದು, ಅದು ಮಾರುಕಟ್ಟೆಯ ಸರಕು. ಈ ಕೊರತೆಯನ್ನು ತುಂಬಲು ನ್ಯೂಯಾರ್ಕ್ ನಗರವು 2013ರಲ್ಲಿ ಬಂಧಿತ ವಲಸಿಗರಿಗೆ ಸಾರ್ವಜನಿಕ ವೆಚ್ಚದಲ್ಲಿ ವಕೀಲರನ್ನು ಒದಗಿಸುವ ಯೋಜನೆ ಆರಂಭಿಸಿದ್ದು ಅನುಕರಣೀಯ.

ಭಾರತ ಸರ್ಕಾರಕ್ಕೂ ಇಲ್ಲಿ ಹೊಣೆಯಿದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ, ಬಂಧಿತ ವಿದೇಶೀಯನಿಗೆ ತನ್ನ ದೇಶದ ಕಾನ್ಸುಲ್ ಕಚೇರಿಯನ್ನು ಸಂಪರ್ಕಿಸುವ ಹಕ್ಕಿದೆಯೆಂದು ವಿಳಂಬವಿಲ್ಲದೆ ತಿಳಿಸಬೇಕು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಇದೇ ವಿಧಿಯನ್ನು ಮುಂದಿಟ್ಟು ಭಾರತವು 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಪಾಕಿಸ್ತಾನದ ವಿರುದ್ಧ ಗೆದ್ದಿತು. ಹೇಗ್‌ನಲ್ಲಿ ನಾವು ಎತ್ತಿಹಿಡಿದ ತತ್ತ್ವ ಟೆಕ್ಸಾಸ್‌ನ ಬಂಧನ ಕೇಂದ್ರದಲ್ಲಿರುವ ಕಾರ್ಮಿಕನಿಗೂ ಅನ್ವಯಿಸಬೇಕು. 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯ ಉದ್ದೇಶಗಳಲ್ಲಿ ಕಾನೂನು ನೆರವೂ ಸೇರಿದೆ. ಅದನ್ನು ಗಡೀಪಾರು ವಿಚಾರಣೆಗಳಿಗೂ ಧಾರಾಳವಾಗಿ ವಿಸ್ತರಿಸುವುದು ಯುಕ್ತ.

ಆದರೆ ಹೊರಗೆ ನ್ಯಾಯ ಕೇಳುವವರು ಮನೆಯಲ್ಲೂ ಅದನ್ನು ಪಾಲಿಸಬೇಕಾಗುತ್ತದೆ. ನಮ್ಮ ಸಂವಿಧಾನದ 21ನೇ ವಿಧಿಯ ರಕ್ಷಣೆ ವಿದೇಶೀಯರಿಗೂ ಉಂಟೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹೀಗಿದ್ದೂ, ತಾನು ವಿದೇಶೀಯನಲ್ಲವೆಂದು ಸಾಬೀತುಪಡಿಸುವ ಹೊರೆ ಸಂಶಯಕ್ಕೊಳಗಾದವನ ಮೇಲೆಯೇ ಇದೆ. 2025ರಲ್ಲಿ ಬಾಂಗ್ಲಾದೇಶದ ಗಡಿಯಾಚೆ ದೂಡಲಾದ ಬಂಗಾಳಿ ಭಾಷಿಕ ಕಾರ್ಮಿಕರಲ್ಲಿ ಕೆಲವರನ್ನು ಹಿಂದಕ್ಕೆ ಕರೆತರಬೇಕಾಗಿ ಬಂದಿತು. ಮೊದಲೇ ವಕೀಲನೊಬ್ಬ ಜೊತೆಗಿದ್ದಿದ್ದರೆ ಅವರ ದಾಖಲೆಗಳ ಪರಿಶೀಲನೆ ಇಲ್ಲಿಯೇ ಆಗುತ್ತಿತ್ತು.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯು ಬಂಧನದಲ್ಲಿರುವ ವ್ಯಕ್ತಿಗೂ ಉಚಿತ ನೆರವಿನ ಅರ್ಹತೆ ನೀಡಿದೆ. ಪೌರತ್ವದ ಸಂಶಯದ ಮೇಲೆ ಹಿಡಿದ ಪ್ರತಿಯೊಬ್ಬನ ವಿಷಯವನ್ನೂ ಪೊಲೀಸರು ಅಂದೇ ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಬೇಕೆಂಬ ಆದೇಶ ಹೊರಡಿಸಲು ಹೊಸ ಶಾಸನ ಬೇಕಾಗಿಲ್ಲ. ಒಂದು ಸುತ್ತೋಲೆ ಸಾಕು.