ಹೋಗಿ ಬಂದವರೆಲ್ಲ ಕಂಡವರೇ?



ಬೇಸಿಗೆಯ ರಜೆ ಮುಗಿದು ಶಾಲೆ ತೆರೆದೊಡನೆ ತರಗತಿಯಲ್ಲೆಲ್ಲ ಪ್ರವಾಸದ ಮಾತು ಕೇಳಿಬರುತ್ತದೆ. ಆಗ್ರಾದ ತಾಜಮಹಲು, ಹಂಪೆ, ಒಮ್ಮೊಮ್ಮೆ ದೂರದ ಕಾಂಬೋಡಿಯದ ಅಂಕೋರ್ ವಾಟ್ ಕೂಡ ಆ ಮಾತಿನಲ್ಲಿ ಸುಳಿಯುವುದುಂಟು. ಕೇಳಿ ನಮಗೂ ಸಂತೋಷವೇ. ಆದರೆ ‘ಅಲ್ಲಿ ಏನು ಕಂಡಿರಿ?’ ಎಂದು ಕೇಳಿದರೆ ಭಾವಚಿತ್ರಗಳನ್ನು ತೋರಿಸುವವರೇ ಹೆಚ್ಚು. ಹೋಗಿ ಬರುವುದು ಬೇರೆ, ಕಂಡು ಬರುವುದು ಬೇರೆ ಎಂಬುದು ನಮ್ಮ ಅಭಿಪ್ರಾಯ.

ಈ ತಪ್ಪಿಗೆ ನಾವೂ ಹೊರತಲ್ಲ. ನಮ್ಮ ಹುಟ್ಟೂರು ಬಾದಾಮಿ ತಾಲೂಕಿನದು. ಪಟ್ಟದಕಲ್ಲು ನಮಗೆ ಜಾತ್ರೆಯ ಊರಾಗಿತ್ತೇ ಹೊರತು ಬೇರೇನೂ ಆಗಿರಲಿಲ್ಲ. ಬಾಲ್ಯದಲ್ಲಿ ನಮ್ಮೂರ ಬಳಿಯ ಹಾಳುಗುಡಿಯೊಂದರ ಕಂಬದ ಮೇಲೆ ಮೊಳೆಯಿಂದ ಹೆಸರು ಕೆತ್ತಿ ಹಿಗ್ಗಿದವರು ನಾವು. ಉದ್ಯೋಗನಿಮಿತ್ತ ನಾಗಪುರಕ್ಕೆ ಬಂದ ಮೇಲೆ ಒಮ್ಮೆ ಎಲ್ಲೋರಕ್ಕೆ ಹೋಗಿ ಕೈಲಾಸ ದೇವಾಲಯದ ಮುಂದೆ ನಿಂತಾಗ, ‘ಇದನ್ನು ಎಲ್ಲಿಯೋ ಕಂಡಿದ್ದೇವಲ್ಲ!’ ಎನ್ನಿಸಿತು. ಗ್ರಂಥಗಳನ್ನು ತೆರೆದು ನೋಡಿದ ಬಳಿಕವೇ ಸಂಗತಿ ತಿಳಿದದ್ದು.

8ನೆಯ ಶತಮಾನದಲ್ಲಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಗೆದ್ದನು. ಗೆದ್ದವನು ಅಲ್ಲಿಯ ಕೈಲಾಸನಾಥ ದೇವಾಲಯವನ್ನು ಸೂರೆಮಾಡಲಿಲ್ಲ. ಅದರ ಐಶ್ವರ್ಯವನ್ನು ದೇವರಿಗೇ ಮರಳಿ ಒಪ್ಪಿಸಿದನು. ಆ ಸಂಗತಿಯನ್ನು ಸಾರುವ ಕನ್ನಡ ಶಾಸನವು ಆ ದೇವಾಲಯದ ಕಂಬದ ಮೇಲಿದೆ. ಆ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳು. ಅದರ ಛಾಯೆಯೇ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ, ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ರೂಪಿಸಿದ, ಎಲ್ಲೋರದ ಕೈಲಾಸದಲ್ಲಿದೆಯೆಂದು ವಿದ್ವಾಂಸರು ಹೇಳುತ್ತಾರೆ. ಎಲ್ಲೋರವು 1983ರಲ್ಲಿಯೂ ಪಟ್ಟದಕಲ್ಲು 1987ರಲ್ಲಿಯೂ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು.

ನಮ್ಮ ನೆರೆಯ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ, ಕ್ರಿ.ಶ. 940ರ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ತಾಮ್ರಶಾಸನದಲ್ಲಿ ‘ನಾಗಪುರ–ನಂದಿವರ್ಧನ’ ಎಂಬ ಹೆಸರು ಬರುತ್ತದೆ. ಇದು ‘ನಮ್ಮದು’ ಎಂದು ಬೀಗುವುದಕ್ಕಲ್ಲ; ಮರಾಠಿ ಗೆಳೆಯರೊಡನೆ ನಾವು ಹಂಚಿಕೊಂಡ ಹಿರಿಯರ ಆಸ್ತಿಯೆಂದು ಅರಿಯುವುದಕ್ಕೆ.

ಹಾಗಾದರೆ ಪರದೇಶಗಳಿಗೆ ಹೋಗಬಾರದೇ? ಅವಶ್ಯವಾಗಿ ಹೋಗಬೇಕು. ಈಜಿಪ್ಟಿನಲ್ಲಿ ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಅಬು ಸಿಂಬೆಲ್ ದೇವಾಲಯಗಳನ್ನು 1964ರಿಂದ 1968ರವರೆಗೆ ತುಂಡುತುಂಡಾಗಿ ಕತ್ತರಿಸಿ, ಎತ್ತರದ ಸ್ಥಳದಲ್ಲಿ ಮರಳಿ ಜೋಡಿಸಿದರು. ಅದಕ್ಕೆ ಅನೇಕ ದೇಶಗಳು ನೆರವಾದವು. ಅಂತಹ ಅನುಭವದ ಫಲವೇ ಯುನೆಸ್ಕೋದ 1972ರ ಒಪ್ಪಂದ. ಪರರ ಗುಡಿಯನ್ನು ಉಳಿಸಲು ಜಗತ್ತು ಕೈಗೂಡಿಸಿತು. ತನ್ನೂರ ಗುಡಿಯ ಬೆಲೆಯನ್ನರಿಯದವನು ಅಲ್ಲಿಗೆ ಹೋಗಿ ಏನನ್ನು ಕಂಡಾನು?

ಆದುದರಿಂದ ಹೊರಡುವ ಮುನ್ನ ಒಂದು ಪುಟವನ್ನಾದರೂ ಓದಿರಿ. ಮರಳಿ ಬಂದು ಒಂದು ಪುಟವನ್ನಾದರೂ ಬರೆಯಿರಿ. ಕಲ್ಲಿನ ಮೇಲೆ ಮಾತ್ರ ಬರೆಯಬೇಡಿರಿ. ಕಂಚಿಯ ಕಂಬವು ಸಾರುವುದು ಅರಸನು ಮರಳಿ ಕೊಟ್ಟುದನ್ನು. ನಾವು ಕಂಬದ ಮೇಲೆ ಕೆತ್ತಿದ್ದು ಬರಿಯ ನಮ್ಮ ಹೆಸರನ್ನು. ಆ ಗೀರು ಇಂದಿಗೂ ಅಲ್ಲಿಯೇ ಇದೆ. ಊರಿಗೆ ಹೋದಾಗಲೆಲ್ಲ ಅದನ್ನು ಕಂಡು ತಲೆ ತಗ್ಗಿಸುತ್ತೇವೆ. ನಿಮಗೆ ಅಂತಹ ದಿನ ಬಾರದಿರಲಿ.