ಓಡದ ಕಾರಿನ ಬೆಲೆ

ಕಳೆದ ವಾರ ನಮ್ಮ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಒಂದು ಪಂಚಾಯಿತಿ ನಡೆಯಿತು. ಎಂ.ಎ. ಓದುವ ಇಬ್ಬರು ಹುಡುಗರು ತಟ್ಟೆಯ ಸಾರು ಆರಿಹೋಗುವವರೆಗೂ ವಾದ ಮಾಡಿ, ಕೊನೆಗೆ ನನ್ನ ಕಡೆ ತಿರುಗಿ, ‘ಅಣ್ಣಾ, ನೀವೇ ಹೇಳಿಬಿಡಿ. ಪೋರ್ಷೆ ಕರೇರಾ ಜಿಟಿನೋ, ಫೆರಾರಿ ಎಂಜೋನೋ? ಯಾವುದು ತಗೋಬೇಕು?’ ಎಂದರು. ಷರತ್ತುಗಳು ಎರಡು. ರಸ್ತೆಯಲ್ಲಿ ಓಡಿಸಲು ಮಜಾ ಇರಬೇಕು. ನಾಳೆ ಮಾರಿದರೆ ಹಾಕಿದ ದುಡ್ಡಿಗಿಂತ ಹೆಚ್ಚು ಬರಬೇಕು.

ನಮ್ಮ ಮೂವರ ನಡುವೆ ಇರುವುದು ಒಂದು ಸ್ಪ್ಲೆಂಡರ್ ಬೈಕು. ಅದೂ ಅವತ್ತು ಪಂಕ್ಚರಾಗಿ ನಿಂತಿತ್ತು. ನನಗೆ ಎಂಟು ತಿಂಗಳ ಫೆಲೋಶಿಪ್ ಬಾಕಿ. ಆದರೂ ನನಗೆ ನಗು ಬರಲಿಲ್ಲ. ಕನಸು ಕಾಣುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನನ್ನನ್ನು ಕೊರೆಯತೊಡಗಿದ್ದು ಆ ಎರಡನೆಯ ಷರತ್ತು. ಜನ್ಮದಲ್ಲಿ ಕೊಳ್ಳಲಾಗದ ಕಾರನ್ನು ಕನಸಿನಲ್ಲಿ ಕೊಳ್ಳುವಾಗಲೂ ನಾವು ಅದನ್ನು ಮಾರುವ ಲೆಕ್ಕ ಹಾಕುತ್ತಿದ್ದೇವಲ್ಲ, ಇದು ನಮಗೆ ಯಾವಾಗ ಅಂಟಿಕೊಂಡಿತು?

ಮೊದಲು ಹುಡುಗರ ಪ್ರಶ್ನೆಗೆ ನ್ಯಾಯ ಸಲ್ಲಿಸೋಣ. ಕರೇರಾ ಜಿಟಿಯನ್ನು ಪೋರ್ಷೆ ಮೊದಲು ತೋರಿಸಿದ್ದು 2000ದಲ್ಲಿ, ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ. ರೇಸಿಗೆಂದು ರೂಪಿಸಿ, ಆ ಯೋಜನೆಯೇ ನಿಂತುಹೋದ ಮೇಲೆ ಉಳಿದುಕೊಂಡ ಹತ್ತು ಸಿಲಿಂಡರಿನ ಎಂಜಿನ್ನು ಈ ಕಾರಿನೊಳಗೆ ಮರುಹುಟ್ಟು ಪಡೆಯಿತು. 5.7 ಲೀಟರು, 612 ಅಶ್ವಶಕ್ತಿ. ಗೇರನ್ನು ಕೈಯಲ್ಲೇ ಹಾಕಬೇಕು. ಗೇರಿನ ಗುಂಡು ಮರದ್ದು, ಪೋರ್ಷೆಯ ಹಳೆಯ ರೇಸ್ ಕಾರುಗಳ ನೆನಪಿಗೆ. ಕ್ಲಚ್ಚು ಎಷ್ಟು ಸೂಕ್ಷ್ಮವೆಂದರೆ ಹೊಸಬರು ಸಿಗ್ನಲ್ಲಿನಲ್ಲಿ ಹೊರಡುವಾಗ ಎಂಜಿನ್ನು ಪಕ್ಕನೆ ನಿಂತುಬಿಡುತ್ತದೆ. ಜಾರಿದರೆ ಹಿಡಿದು ನಿಲ್ಲಿಸುವ ಎಲೆಕ್ಟ್ರಾನಿಕ್ ಸ್ಥಿರತಾ ವ್ಯವಸ್ಥೆ ಅದರಲ್ಲಿಲ್ಲ. ಓಡಿಸುವವನಿಗೆ ಓಡಿಸಲು ಬರಲೇಬೇಕು. 2003ರಿಂದ 2006ರವರೆಗೆ 1,270 ಕಾರುಗಳು ತಯಾರಾದವು.

ಎಂಜೋ 2002ರದು. ಕಂಪನಿಯ ಸ್ಥಾಪಕ ಎಂಜೋ ಫೆರಾರಿಯ ಹೆಸರನ್ನೇ ಹೊತ್ತದ್ದು. ಆರು ಲೀಟರಿನ ಹನ್ನೆರಡು ಸಿಲಿಂಡರು, 660 ಅಶ್ವಶಕ್ತಿ, ಗಂಟೆಗೆ 350 ಕಿಲೋಮೀಟರ್. ಕ್ಲಚ್ ಪೆಡಲ್ಲು ಇಲ್ಲ. ಸ್ಟೀರಿಂಗ್ ಹಿಂದಿನ ಪಟ್ಟಿಯನ್ನು ಬೆರಳಲ್ಲಿ ಎಳೆದರೆ ಗೇರು ಬದಲಾಗುತ್ತದೆ. ಮಾಡಿದ್ದು 400. ಕೊನೆಯದನ್ನು ಪೋಪ್ ಎರಡನೆಯ ಜಾನ್ ಪಾಲ್ ಅವರಿಗೆ ಕೊಟ್ಟರು. 2005ರಲ್ಲಿ ಅದನ್ನು ಹರಾಜು ಹಾಕಿ ಬಂದ ಹಣವನ್ನು ಸುನಾಮಿ ಸಂತ್ರಸ್ತರಿಗೆ ನೀಡಲಾಯಿತು. ಉಳಿದವನ್ನು ದುಡ್ಡಿದ್ದವರೆಲ್ಲ ಹೋಗಿ ಕೊಳ್ಳುವಂತಿರಲಿಲ್ಲ. ಹಿಂದೆ ತನ್ನ ಕಾರು ಕೊಂಡವರೊಳಗೆ ಯಾರಿಗೆ ಕೊಡಬೇಕೆಂದು ಫೆರಾರಿಯೇ ಆರಿಸಿತು.

ಹಾಗಾಗಿ ಉತ್ತರ ಸುಲಭ. ಓಡಿಸುವ ಸುಖಕ್ಕೆ ಕರೇರಾ ಜಿಟಿ, ಮಾರುವ ಲಾಭಕ್ಕೆ ಎಂಜೋ. ಪೋರ್ಷೆಯ ಬೆಲೆ ಕೆಲವು ವರ್ಷ ಹೊಸದರ ಬೆಲೆಗಿಂತ ಕೆಳಗಿಳಿದು, ಆಮೇಲೆ ಹತ್ತು ಲಕ್ಷ ಡಾಲರ್ ದಾಟಿತು. ಎಂಜೋ ಅದಕ್ಕಿಂತ ಎಷ್ಟೋ ಮೇಲೆ ಹೋಗಿ ಕೂತಿದೆ. ಇಲ್ಲಿಗೆ ಪಂಚಾಯಿತಿ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಏಕೆಂದರೆ ಈ ಮಾರುಕಟ್ಟೆಯಲ್ಲಿ ಆ ಎರಡು ಷರತ್ತುಗಳು ಅಕ್ಕಪಕ್ಕ ಬಾಳುವುದಿಲ್ಲ. ಒಂದನ್ನು ಒಂದು ತಿನ್ನುತ್ತದೆ.

ನಮ್ಮೂರು ತಿಪಟೂರಿನ ಕಡೆ. ಅಪ್ಪ ತಮ್ಮ ಹಳೆಯ ಟಿವಿಎಸ್ ಗಾಡಿಯನ್ನು ಮಾರಿದ ದಿನ ನಾನು ಮನೆಯಲ್ಲಿದ್ದೆ. ಕೊಳ್ಳಲು ಬಂದವರು ಗಾಡಿಯ ಹೊಳಪನ್ನು ನೋಡಲಿಲ್ಲ. ಎರಡು ಚೀಲ ತೆಂಗಿನಕಾಯಿ ಹೇರಿ, ತೋಟದ ಏರಿನಲ್ಲಿ ಒಂದು ಸುತ್ತು ಹೊಡೆದು ಬಂದು, ‘ಎಳೀತದೆ ಬಿಡಿ ಗೌಡ್ರೆ’ ಎಂದು ದುಡ್ಡು ಎಣಿಸಿದರು. ಆ ಗಾಡಿಯೊಳಗೆ ಇನ್ನೂ ಎಷ್ಟು ಓಟ ಉಳಿದಿದೆ ಎಂಬುದಕ್ಕೆ ಅವರು ಬೆಲೆ ಕಟ್ಟಿದರು. ನಮ್ಮ ನಿಮ್ಮ ಮರುಮಾರಾಟದ ಅರ್ಥ ಇಷ್ಟೇ. ಅರ್ಥಶಾಸ್ತ್ರದವರು ಬಳಕೆಯ ಮೌಲ್ಯ, ವಿನಿಮಯ ಮೌಲ್ಯ ಎಂದು ಎರಡಾಗಿ ಬಿಡಿಸುತ್ತಾರೆ. ಅಪ್ಪನ ಗಾಡಿಯಲ್ಲಿ ಅವೆರಡೂ ಒಂದೇ ಚೀಲದಲ್ಲಿ ಕೂತಿದ್ದವು.

ಸೂಪರ್‌ಕಾರಿನಲ್ಲಿ ಹಾಗಿಲ್ಲ. ಮುಂದೆ ಕೊಳ್ಳುವವನೂ ಅದನ್ನು ಓಡಿಸುವುದಿಲ್ಲ. ಅವನ ನಂತರದವನೂ ಓಡಿಸುವುದಿಲ್ಲ. ಅಲ್ಲಿ ಕೈಯಿಂದ ಕೈಗೆ ದಾಟುವ ಸರಕು ಕಾರಲ್ಲ, ‘ಇದನ್ನು ಯಾರೂ ಬಳಸಿಲ್ಲ’ ಎಂಬ ಭರವಸೆ. ಮೀಟರಿನಲ್ಲಿ ಒಂದೊಂದು ಕಿಲೋಮೀಟರು ಏರಿದಂತೆಲ್ಲ ಆ ಭರವಸೆಯ ಬೆಲೆ ಇಳಿಯುತ್ತದೆ. ಗಂಟೆಗೆ 350 ಕಿಲೋಮೀಟರ್ ಓಡಬಲ್ಲದ್ದನ್ನು ಮಾಡಿ, ಅದು ಓಡದೇ ಇದ್ದದ್ದಕ್ಕೆ ಹಣ ಕೊಡುತ್ತಾರೆ. ರಸ್ತೆಗೂ ಆಗಬೇಕು, ಮಾರಾಟಕ್ಕೂ ಆಗಬೇಕು ಎಂದು ಕೇಳುವವನು ಊಟವನ್ನೂ ಮಾಡಬೇಕು, ಎಲೆಯೂ ಎಂಜಲಾಗಬಾರದು ಎನ್ನುತ್ತಿದ್ದಾನೆ.

ಇದಕ್ಕೆ ಮೆಕ್‌ಲಾರೆನ್ ಎಫ್1 ಕಾರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಗಾರ್ಡನ್ ಮರ್ರಿ ರೂಪಿಸಿದ, ಚಾಲಕ ಮಧ್ಯದಲ್ಲಿ ಕೂರುವ ಈ ಕಾರು ಒಟ್ಟು 106 ಮಾತ್ರ ತಯಾರಾಯಿತು. ಅದರಲ್ಲೊಂದು, ಸುಮಾರು 390 ಕಿಲೋಮೀಟರ್ ಮಾತ್ರ ಓಡಿದ್ದು, 2021ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಹರಾಜಿನಲ್ಲಿ ಎರಡು ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ಬೆಂಗಳೂರಿನಿಂದ ಹೊರಟರೆ ಹುಬ್ಬಳ್ಳಿಯನ್ನೂ ಮುಟ್ಟದಷ್ಟು ಓಟ, ಅದೂ ಕಾಲು ಶತಮಾನದಲ್ಲಿ! ಇನ್ನೊಂದು ನಮ್ಮೆಲ್ಲರಿಗೂ ಗೊತ್ತಿರುವ ‘ಮಿಸ್ಟರ್ ಬೀನ್’, ರೋವನ್ ಆಟ್ಕಿನ್ಸನ್ ಅವರದು. 1997ರಲ್ಲಿ ಕೊಂಡರು. ಓಡಿಸಿದರು. ಎರಡು ಸಲ ಅಪಘಾತವಾಯಿತು. 2011ರ ಅಪಘಾತದ ರಿಪೇರಿಗೇ ಒಂಬತ್ತು ಲಕ್ಷ ಪೌಂಡಿನಷ್ಟು ಖರ್ಚಾಗಿ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ರಿಪೇರಿಯಾಗಿ ಬಂದ ಮೇಲೆ ಮತ್ತೆ ಓಡಿಸಿದರು. 41,000 ಮೈಲಿ, ಅಂದರೆ ಹತ್ತಿರ ಹತ್ತಿರ 66,000 ಕಿಲೋಮೀಟರ್ ಆದ ಮೇಲೆ 2015ರಲ್ಲಿ ಸುಮಾರು 80 ಲಕ್ಷ ಪೌಂಡಿಗೆ ಮಾರಿದರು.

ಲೆಕ್ಕದ ಪ್ರಕಾರ ಓಡಿಸದವನೇ ಗೆದ್ದ ಎಂದು ನಮ್ಮ ಹುಡುಗರು ಹೇಳುತ್ತಾರೆ. ಒಪ್ಪುತ್ತೇನೆ. ಆಟ್ಕಿನ್ಸನ್ ಅವರಿಗೂ ನಷ್ಟವೇನೂ ಆಗಲಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಆರು ಲಕ್ಷ ಚಿಲ್ಲರೆ ಪೌಂಡಿಗೆ ತಂದದ್ದು ಅಷ್ಟಾಯಿತು. ಆದರೆ ಈ ಇಬ್ಬರಲ್ಲಿ ಯಾರ ಹತ್ತಿರ ಕಾರು ಇತ್ತು ಎಂದು ಕೇಳಿದರೆ? ಒಬ್ಬರ ಹತ್ತಿರ ಹದಿನೆಂಟು ವರ್ಷ ಒಂದು ಕಾರು ಇತ್ತು. ಇನ್ನೊಂದು ಕಡೆ ಇದ್ದದ್ದು ಚಕ್ರವಿರುವ ಠೇವಣಿ ರಸೀದಿ.

ಓಡಿಸದಿದ್ದರೆ ಕಾರು ಹಾಗೇ ಉಳಿಯುತ್ತದೆ ಎಂಬುದೂ ಅರ್ಧ ಸುಳ್ಳು. ನಿಂತ ಕಾರಿನಲ್ಲಿ ಪೆಟ್ರೋಲು ಹಳಸುತ್ತದೆ, ರಬ್ಬರಿನ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ, ಟೈರು ಗಟ್ಟಿಯಾಗಿ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಮೇಲಿಂದ ನೋಡಿದರೆ ಟೈರಿನ ಗೀರುಗಳು ಹೊಸದರಂತೆಯೇ ಇರುತ್ತವೆ. 2013ರ ನವೆಂಬರಿನಲ್ಲಿ ನಟ ಪಾಲ್ ವಾಕರ್ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡದ್ದು ಇದೇ ಕರೇರಾ ಜಿಟಿಯಲ್ಲಿ. ಗೆಳೆಯ ಓಡಿಸುತ್ತಿದ್ದರು, ಅವರೂ ತೀರಿಕೊಂಡರು. ಮಿತಿ ಮೀರಿದ ವೇಗವೇ ಕಾರಣವೆಂದ ತನಿಖೆ, ಟೈರುಗಳು ಒಂಬತ್ತು ವರ್ಷ ಹಳೆಯವು ಎಂಬುದನ್ನೂ ಗುರುತಿಸಿತು. ಆ ಸಾವಿಗೆ ಇನ್ನಾವುದೋ ನೀತಿಪಾಠ ಅಂಟಿಸುವುದು ನನಗೆ ಬೇಡ. ಕಾಲ ಮೀಟರನ್ನು ನೋಡಿ ನಡೆಯುವುದಿಲ್ಲ ಎಂಬುದಷ್ಟೇ ಮಾತು. ನಮ್ಮ ಅಜ್ಜಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮದುವೆಯ ರೇಷ್ಮೆ ಸೀರೆಯನ್ನು ಉಡದೆ ಟ್ರಂಕಿನಲ್ಲೇ ಇಟ್ಟರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ.

ಸಾಹಿತ್ಯದವರಾದ ನಾವೂ ಈ ಕಾಯಿಲೆಗೆ ಹೊರತಲ್ಲ. ಹಿಂದೆ ಯುರೋಪಿನಲ್ಲಿ ಪುಸ್ತಕಗಳ ಹಾಳೆಗಳನ್ನು ಅಂಚು ಕತ್ತರಿಸದೆಯೇ ಹೊಲಿದು ಮಾರುತ್ತಿದ್ದರು. ಓದುಗ ಚಾಕುವಿನಿಂದ ಒಂದೊಂದೇ ಪುಟ ಬಿಡಿಸಿಕೊಂಡು ಓದಬೇಕಿತ್ತು. ಅಂಥ ಪುಸ್ತಕದ ಪುಟಗಳು ಬಿಡಿಸದೆ ಉಳಿದಿದ್ದರೆ ಇಂದಿನ ಸಂಗ್ರಾಹಕರಿಗೆ ಅದು ವಿಶೇಷ. ಓದದಿರುವುದು ಅದರ ಗುಣ! ವಾಲ್ಟರ್ ಬೆಂಜಮಿನ್ 1931ರಲ್ಲಿ ತನ್ನ ಪುಸ್ತಕದ ಪೆಟ್ಟಿಗೆಗಳನ್ನು ಬಿಚ್ಚುತ್ತಾ ಬರೆದ ಪ್ರಬಂಧವನ್ನು ಇಲ್ಲಿ ನನ್ನ ವಿರುದ್ಧ ಎತ್ತಬಹುದು. ಸಂಗ್ರಾಹಕನು ವಸ್ತುವನ್ನು ಅದರ ಉಪಯೋಗದಿಂದ ಅಳೆಯುವುದಿಲ್ಲ, ಅವನದು ಬೇರೆಯೇ ನಂಟು ಎಂಬುದು ಆತನ ನಿಲುವು. ನಾನೂ ಒಪ್ಪುತ್ತೇನೆ. ಆದರೆ ಬೆಂಜಮಿನ್ ಮಾತಾಡಿದ್ದು ಪುಸ್ತಕದ ಜೊತೆ ಸಂಸಾರ ಮಾಡಿದವನ ಬಗ್ಗೆ. ಕೊಳ್ಳುವ ದಿನವೇ ಮಾರುವ ದಿನವನ್ನು ಗುರುತು ಹಾಕಿಕೊಂಡವನು ಸಂಗ್ರಾಹಕನಲ್ಲ, ದಾಸ್ತಾನುಗಾರ.

‘ಅವರ ದುಡ್ಡು, ಅವರ ಕಾರು, ನಿಮಗೇನು ಹೊಟ್ಟೆಕಿಚ್ಚು?’ ಎಂಬ ಮಾತು ಬಂದೇ ಬರುತ್ತದೆ. ಹೊಟ್ಟೆಕಿಚ್ಚು ಸ್ವಲ್ಪ ಇದೆ, ಇರಲಿ. ಆದರೆ ಎಲ್ಲ ದುಡ್ಡೂ ‘ಅವರ ದುಡ್ಡು’ ಆಗಿರುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಜಿನೀವಾದ ಹತ್ತಿರ 25 ಸೂಪರ್‌ಕಾರುಗಳ ಹರಾಜು ನಡೆಯಿತು. ಎಣ್ಣೆ ಸಂಪತ್ತಿನ, ಆದರೆ ಬಡ ಜನರ ದೇಶವಾದ ಈಕ್ವಟೋರಿಯಲ್ ಗಿನಿಯ ಅಧ್ಯಕ್ಷರ ಮಗನಿಂದ, ಭ್ರಷ್ಟಾಚಾರದ ತನಿಖೆಯಲ್ಲಿ ಸ್ವಿಸ್ ಅಧಿಕಾರಿಗಳು ಜಪ್ತಿ ಮಾಡಿದ್ದ ಕಾರುಗಳು ಅವು. ಅಲ್ಲಿ ಅತಿ ಹೆಚ್ಚು ಬೆಲೆಗೆ, 80 ಲಕ್ಷ ಸ್ವಿಸ್ ಫ್ರಾಂಕಿಗೂ ಮೇಲೆ ಹೋದ ಲ್ಯಾಂಬೋರ್ಗಿನಿ ವೆನೆನೊ ಓಡಿದ್ದು ಕೆಲವೇ ನೂರು ಕಿಲೋಮೀಟರ್. ಹರಾಜಿನ ಹಣ ಆ ದೇಶದ ಜನರಿಗೆ ಹೋಗಬೇಕೆಂದು ತೀರ್ಮಾನವಾಗಿತ್ತು. ಕಾರು ಓಡದೆ ನಿಂತಿದ್ದಾಗ ಅದರೊಳಗೆ ಆಸ್ಪತ್ರೆ, ಶಾಲೆಗಳೂ ನಿಂತಿರುತ್ತವೆ.

ಆದರೆ ಈ ಲೇಖನ ಬರೆಯಲು ಕೂತದ್ದು ಆ ಅಧ್ಯಕ್ಷರ ಮಗನಿಗಾಗಿ ಅಲ್ಲ, ಮೆಸ್ಸಿನಲ್ಲಿದ್ದ ನಮ್ಮ ಮೂವರಿಗಾಗಿ. ಅವರ ಬಳಿ ಇರುವುದು ನಮ್ಮ ಬಳಿ ಇಲ್ಲ. ಆದರೆ ಅವರ ಲೆಕ್ಕ ನಮ್ಮೊಳಗೆ ಬಂದು ಕೂತಿದೆ. ಯಾವ ಕೋರ್ಸು, ಯಾವ ಭಾಷೆ, ಯಾವ ಪುಸ್ತಕ ಎಂದರೂ ಮೊದಲು ಬರುವ ಪ್ರಶ್ನೆ, ‘ಇದಕ್ಕೆ ಸ್ಕೋಪ್ ಇದೆಯಾ?’ ಸ್ಕೋಪ್ ಅಂದರೆ ಮರುಮಾರಾಟದ ಬೆಲೆ, ಇನ್ನೇನಲ್ಲ.

ನನ್ನದನ್ನೇ ಹೇಳುತ್ತೇನೆ. ಪಿಎಚ್‌.ಡಿ.ಗೆ ನಾನು ಮೊದಲು ಬರೆದುಕೊಂಡಿದ್ದ ವಿಷಯ ನಮ್ಮೂರ ಸುತ್ತಿನ ಹೆಂಗಸರ ಬೀಸುವ ಪದಗಳು. ಹಿತೈಷಿಗಳು ಬುದ್ಧಿ ಹೇಳಿದರು. ಅವರ ಮೇಲೆ ದೂರಿಲ್ಲ; ಕೇಳಿದವನು ನಾನು. ಸಂದರ್ಶನಗಳಲ್ಲಿ ಚೆನ್ನಾಗಿ ಕೇಳಿಸುವ, ಸಿದ್ಧಾಂತದ ದೊಡ್ಡ ಹೆಸರುಗಳಿರುವ ಇನ್ನೊಂದು ವಿಷಯಕ್ಕೆ ಬದಲಾದೆ. ಬೀಸುವ ಪದ ಎಲ್ಲಿಗೆ ಹೋಗುತ್ತದೆ, ಕೆಲಸ ಸಿಕ್ಕಮೇಲೆ ನಿಧಾನವಾಗಿ ಮಾಡಿದರಾಯಿತು ಎಂದು ಪಕ್ಕಕ್ಕಿಟ್ಟೆ. ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಪದ ಬರುತ್ತಿದ್ದ ಅಜ್ಜಿ ಹೋದ ವರ್ಷ ತೀರಿಕೊಂಡರು. ನನ್ನ ಫೋನಿನಲ್ಲಿ ಅವರ ದನಿ ಎರಡೂವರೆ ನಿಮಿಷ ಇದೆ, ಅಷ್ಟೇ. ಆ ಅಜ್ಜಿ ತಮ್ಮ ಪದಗಳನ್ನು ಎಂದೂ ಜೋಪಾನ ಮಾಡಿದವರಲ್ಲ. ದಿನಾ ಹಾಡಿಕೊಂಡು ಬಂದದ್ದರಿಂದಲೇ ಅವು ಅವರವರೆಗೂ ಬಂದು ಮುಟ್ಟಿದ್ದವು.

ಹುಡುಗರಿಗೆ ನಾನು ಕೊಟ್ಟ ತೀರ್ಪು ಇಷ್ಟು: ಕರೇರಾ ಜಿಟಿ ತಗೊಳ್ಳಿ. ಹೊಸ ಟೈರು ಹಾಕಿಸಿ. ನಾಲ್ಕು ಸಲ ಸಿಗ್ನಲ್ಲಿನಲ್ಲಿ ಎಂಜಿನ್ನು ನಿಲ್ಲಿಸಿ, ಹಿಂದಿನವರಿಂದ ಬೈಸಿಕೊಂಡು, ಕ್ಲಚ್ಚು ಕಲಿಯಿರಿ. ಮಾರುವ ದಿನ ಬಂದರೆ ಮೀಟರಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ತೋರಿಸಿ ಮಾರಿ.

‘ಕಿಲೋಮೀಟರ್ ಜಾಸ್ತಿಯಾದ್ರೆ ರೇಟು ಬಿದ್ದುಹೋಗುತ್ತಲ್ಲ ಅಣ್ಣಾ?’ ಎಂದ ಒಬ್ಬ.

‘ಬೀಳಲಿ ಬಿಡೋ’ ಎಂದೆ.

ಕೈ ತೊಳೆದು, ಮೂವರೂ ಸ್ಪ್ಲೆಂಡರನ್ನು ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಹೊರಟೆವು.